ಉಸಿರಿರುವಾಗಲೇ ಮನೆ ಸೇರಿದವರು

ಸರ್ಕಾರಿ ತರಬೇತಿಗಳಲ್ಲಿ ಕೊಡುವ ಚೀಲಕ್ಕೆ ಒಂದು ವಿಶೇಷ ಗುಣವಿರುವುದನ್ನು ನೀವೂ ಗಮನಿಸಿರಬಹುದು. ತರಬೇತಿ ನಡೆಯುವ ಮೂರು ದಿನವೂ ಅದರ ಜಿಪ್ಪು ಕರ್ತವ್ಯನಿಷ್ಠೆಯಿಂದ ಹೋಗಿಬರುತ್ತದೆ. ನಾಲ್ಕನೆಯ ದಿನ ಮನೆಯ ಹೊಸ್ತಿಲು ದಾಟಿದ್ದೇ ತಡ, ಬಾಯಿ ಬಿಟ್ಟುಕೊಂಡು ಕೂತುಬಿಡುತ್ತದೆ. ನಮ್ಮ ಮನೆಯಲ್ಲಿ ಇಂಥ ಆರು ಚೀಲಗಳಿವೆ. ಚುನಾವಣೆಯ ಚೀಲದಲ್ಲಿ ಈರುಳ್ಳಿ, ಬೆಳೆ ಸಮೀಕ್ಷೆಯದರಲ್ಲಿ ಹಳೆಯ ಸ್ವೆಟರುಗಳು. ವಿಪತ್ತು ನಿರ್ವಹಣೆಯ ಚೀಲ ನನ್ನ ಸ್ಕೂಟರಿನ ಸೀಟಿಗೆ ಹೊದಿಕೆಯಾಗಿ, ತಾನು ನೆನೆದು ನನ್ನನ್ನು ವಿಪತ್ತಿನಿಂದ ಪಾರುಮಾಡುತ್ತಿದೆ. ಆರನೆಯದರ ಮೇಲೆ ಮಾತ್ರ ‘ಸಂಶೋಧನೆ’ ಎಂಬ ಪದ ದಪ್ಪಕ್ಷರದಲ್ಲಿ ಅಚ್ಚಾಗಿರುವುದರಿಂದ, ಅದರೊಳಗೆ ಏನು ತುಂಬಬೇಕೆಂಬುದು ನನ್ನ ಹೆಂಡತಿಗೆ ಇನ್ನೂ ತೋಚಿಲ್ಲ. ನನಗೂ ಬಹಳ ದಿನ ತೋಚಿರಲಿಲ್ಲ.

ನಾನು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯವನು, ನೌಕರಿ ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದ ಆಸುಪಾಸಿನ ನಾಲ್ಕು ಹಳ್ಳಿಗಳಲ್ಲಿ. ಕಾಗದದ ಮೇಲೆ ಗ್ರಾಮ ಆಡಳಿತಾಧಿಕಾರಿ. ಸರ್ಕಾರ ನಮ್ಮ ಪದನಾಮವನ್ನು ಎಷ್ಟು ಸಲ ಬದಲಿಸಿದರೂ ಜನ ಮಾತ್ರ ಹಟ ಹಿಡಿದು ಶಾನುಭೋಗ್ರು ಎಂದೇ ಕರೆಯುತ್ತಾರೆ. ಪಹಣಿ, ಪೋಡಿ, ಪಿಂಚಣಿಗಳ ನಡುವೆ ಹುಟ್ಟುಸಾವುಗಳನ್ನು ನೋಂದಾಯಿಸುವುದೂ ನನ್ನದೇ ಕೆಲಸ. ಚಿತ್ರಗುಪ್ತನಿಗೂ ನನಗೂ ಇರುವ ವ್ಯತ್ಯಾಸವೆಂದರೆ ಅವನಿಗೆ ಸರ್ವರ್ ಕೈಕೊಡುವುದಿಲ್ಲ, ಮತ್ತು ಅವನನ್ನು ಯಾರೂ ತರಬೇತಿಗೆ ಕರೆಯುವುದಿಲ್ಲ.

ನಮ್ಮನ್ನು ಕರೆದರು. ಬರೀ ಬರೆದುಕೊಳ್ಳುವುದಲ್ಲ, ಬರೆದುಕೊಂಡದ್ದರ ಬಗ್ಗೆ ನಾವೇ ಅನ್ವಯಿಕ ಸಂಶೋಧನೆ ನಡೆಸಿ ಪ್ರಕಟಿಸಬೇಕು ಎಂಬ ಉದಾತ್ತ ಆಶಯದಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ನೋಂದಣಿ ಸಿಬ್ಬಂದಿಯನ್ನೆಲ್ಲ ಕೆ.ಆರ್. ನಗರದ ಒಂದು ಸಭಾಂಗಣದಲ್ಲಿ ಮೂರು ದಿನ ಕೂರಿಸಿದರು. ಮಧ್ಯಾಹ್ನದ ಮುದ್ದೆಯೂಟ ಮುಗಿದ ಮೇಲೆ ‘ಸಂಶೋಧನಾ ಪ್ರಶ್ನೆ ಎಂದರೇನು’ ಎಂಬ ಉಪನ್ಯಾಸವಿತ್ತು; ಅರ್ಧ ಸಭೆ ಅದನ್ನು ಕಣ್ಣು ಮುಚ್ಚಿಕೊಂಡೇ ಆಳವಾಗಿ ಚಿಂತಿಸಿತು. ಎಲ್ಲರಿಗೂ ಒಬ್ಬೊಬ್ಬ ಮಾರ್ಗದರ್ಶಕರು. ನನಗೆ ದೂರದ ನಗರದ ಒಬ್ಬ ಮೇಡಂ ಸಿಕ್ಕರು, ಮೃದುವಾದ ಮಾತು, ಮನೆತುಂಬ ಪುಸ್ತಕ. ವಿಡಿಯೊ ಕರೆಯಲ್ಲಿ ಅವರ ಹಿಂದಿನ ಕಪಾಟು ನೋಡಿಯೇ ನಾನು ಅರ್ಧ ವಿದ್ವಾಂಸನಾದೆ. ಪಕ್ಕದಲ್ಲಿ ಕೂತಿದ್ದ ಪುಟ್ಟಸ್ವಾಮಿ, ರಾವಂದೂರಿನ ಕಡೆ ಇದೇ ಕೆಲಸ ಮಾಡುವ ನನ್ನ ಹಳೆಯ ಗೆಳೆಯ, ಕಿವಿಯಲ್ಲಿ ಹೇಳಿದ: “ನೋಡ್ಲಾ, ನಾವೇ ಬರ್ದಿದ್ದ ನಾವೇ ಸಂಶೋಧ್ನೆ ಮಾಡ್ಬೇಕಂತೆ. ಕಳ್ಳನ ಕೈಲೇ ಪಂಚನಾಮೆ ಬರ್ಸ್ದಂಗಾಯ್ತು ಕಣ್ಲಾ.”

ಅವನು ತಮಾಷೆಗೆ ಹೇಳಿದ. ನಾನು ಪ್ರಬಂಧವನ್ನೇ ಬರೆದೆ.

ನನ್ನ ಸಾವಿನ ದಾಖಲೆಗಳನ್ನು ಹರಡಿಕೊಂಡು ಕೂತಾಗ ಒಂದು ಸಂಗತಿ ಎದ್ದು ಕಂಡಿತು. ‘ಮರಣ ಸಂಭವಿಸಿದ ಸ್ಥಳ’ ಎಂಬ ಕಲಮಿನಲ್ಲಿ ಸಾಲುಸಾಲಾಗಿ ಮನೆ, ಮನೆ, ಮನೆ. ಆಸ್ಪತ್ರೆಯಲ್ಲಿ ತೀರಿಕೊಂಡವರದು ಆಸ್ಪತ್ರೆ ಇರುವ ಊರಿನಲ್ಲೇ ನೋಂದಣಿಯಾಗುತ್ತದೆ, ಅದು ಸರಿ. ಆದರೆ ನಮ್ಮ ಹಳ್ಳಿಗಳಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗುವ ಅಷ್ಟುದ್ದದ ರಸ್ತೆಯಲ್ಲಿ ಒಬ್ಬನೇ ಒಬ್ಬ ಸತ್ತಿರಲಿಲ್ಲ. ಮೇಡಂ ಪುಳಕಿತರಾದರು. ಊರಿನ ಜನ ಯಂತ್ರಗಳ ನಡುವೆ ಸಾಯಲೊಲ್ಲದೆ ತಮ್ಮವರ ಮಡಿಲಲ್ಲಿ ಕಣ್ಣುಮುಚ್ಚಲು ಬಯಸುವುದರಲ್ಲಿ ಎಂಥ ಘನತೆಯಿದೆ ಎಂದರು. ಪ್ರಬಂಧಕ್ಕೆ ‘ಗ್ರಾಮೀಣರಲ್ಲಿ ಸ್ವಗೃಹ ಮರಣದ ಒಲವು’ ಎಂಬ ಶೀರ್ಷಿಕೆ ಸಿದ್ಧವಾಯಿತು. ನಾನು ಒಂದು ವೃತ್ತಾಕಾರದ ನಕ್ಷೆಯನ್ನೂ ಹಾಕಿದೆ. ಅದು ಬಹುಪಾಲು ಒಂದೇ ಬಣ್ಣವಾಗಿ ಹೋಳಿಗೆಯ ಹಾಗೆ ಕಾಣುತ್ತಿತ್ತು.

ಮೇಡಮ್ಮಿಗೆ ಗೊತ್ತಿರದಿದ್ದದ್ದು, ನನಗೆ ಚೆನ್ನಾಗಿ ಗೊತ್ತಿದ್ದದ್ದು ಇಷ್ಟು. ನಮ್ಮ ಕಡೆ ಹೊರಗೆ ಪ್ರಾಣ ಬಿಟ್ಟವರನ್ನು ಹೊಸ್ತಿಲೊಳಗೆ ತರುವುದಿಲ್ಲ. ಅಂಗಳದಲ್ಲೇ ಚಪ್ಪರ ಹಾಕಿ ಮಲಗಿಸಿ, ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ಜೀವಮಾನವೆಲ್ಲ ಬಾಗಿ ಒಳಹೋಗುತ್ತಿದ್ದ ಬಾಗಿಲು ಕೊನೆಯ ದಿನ ಮುಚ್ಚಿಕೊಳ್ಳುವುದನ್ನು ಯಾವ ಮನೆಯವರು ತಾನೇ ಸಹಿಸಿಯಾರು? ಆದ್ದರಿಂದ ಆಂಬುಲೆನ್ಸಿನಲ್ಲಿ ಯಾವ ತಿರುವಿನಲ್ಲಿ ಏನೇ ಆಗಿರಲಿ, ಗಾಡಿ ಮನೆಯ ಮುಂದೆ ನಿಂತಾಗ ಯಾರಾದರೂ ಹಿರಿಯರು “ಇನ್ನೂ ಉಸಿರದೆ, ಬೇಗ ಒಳಿಕ್ಕೆ ತನ್ನಿ” ಎನ್ನುತ್ತಾರೆ. ಒಳಗೆ ಮಲಗಿಸಿ, ಬಾಯಿಗೆ ಒಂದು ಉದ್ಧರಣೆ ನೀರು ಬಿಟ್ಟು, ಆಮೇಲೆ ಅಳಲು ಶುರುಮಾಡುತ್ತಾರೆ. ನಮ್ಮ ಜನರ ಉಸಿರು ಅಷ್ಟು ವಿಧೇಯವಾದದ್ದು, ಹೊಸ್ತಿಲು ದಾಟುವವರೆಗೆ ಕಾಯುತ್ತದೆ. ಆಮೇಲೆ ನನ್ನ ಬಳಿ ಬರುತ್ತಾರೆ. ಎಲ್ಲಿ ತೀರಿಕೊಂಡರು ಎಂದು ನಾನು ತಲೆಯೆತ್ತದೆ ಕೇಳುತ್ತೇನೆ, ಮನೇಲೇ ಸ್ವಾಮಿ ಎಂದು ಅವರು ತಲೆತಗ್ಗಿಸಿ ಹೇಳುತ್ತಾರೆ. ನಾನು ಬರೆಯುತ್ತೇನೆ. ಮನೆಯವರು ಹೇಳಿದಂತೆ ಬರೆಯುವುದು ನಿಯಮವೂ ಹೌದು, ಸುಖವೂ ಹೌದು.

ಪ್ರಬಂಧದ ಕರಡು ಮೇಲಿನವರಿಗೆ ಹೋಯಿತು. ಒಂದು ಸಭೆಯಲ್ಲಿ, ನಮ್ಮ ಭಾಗದ ಆಂಬುಲೆನ್ಸಿಗೆ ಸದಾ ಒಬ್ಬ ನರ್ಸ್ ಇರಬೇಕೆಂಬ ಬೇಡಿಕೆ ಬಂದಾಗ, ಒಬ್ಬ ಅಧಿಕಾರಿ ನನ್ನ ಕರಡನ್ನು ಎತ್ತಿಹಿಡಿದು, ದಾರಿಯಲ್ಲಿ ಸಾವುಗಳೇ ಇಲ್ಲವೆಂದು ನಮ್ಮ ಸಂಶೋಧಕರೇ ತೋರಿಸಿದ್ದಾರಲ್ಲ ಎಂದರು. ಬೇಡಿಕೆ ಬಿದ್ದುಹೋಯಿತು. ಹಿಂದಿನ ಸಾಲಿನಲ್ಲಿದ್ದ ನನಗೆ ಆ ಕ್ಷಣ ಏನನ್ನಿಸಿತೆಂದು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹೆಮ್ಮೆ. ಬಿಸ್ಕತ್ತು ಹಿಡಿದ ಕೈಯಲ್ಲೇ ಅಂಗಿಯ ಕಾಲರು ಸರಿಮಾಡಿಕೊಂಡೆ.

ಎರಡು ತಿಂಗಳಾಗಿರಬಹುದು. ಒಂದು ಬೆಳಗ್ಗೆ ನಾನು ಪಂಚಾಯಿತಿ ಕಚೇರಿಯಲ್ಲಿದ್ದಾಗ, ಊರಿಗೆ ನೀರು ಬಿಡುವ ನೀರುಗಂಟಿ ಜವರಯ್ಯನಿಗೆ ವಾಲ್ವಿನ ಗುಂಡಿಯಲ್ಲಿ ಕೈಯಿಟ್ಟಾಗ ಹಾವು ಕಚ್ಚಿತು. ಯಾರದೋ ಕಾರಿನಲ್ಲಿ ಕೋಟೆಯ ಆಸ್ಪತ್ರೆಗೆ ಹೊತ್ತು ಓಡಿದೆವು. ಅಲ್ಲಿ ವಿಷಕ್ಕೆ ಔಷಧಿ ಕೊಟ್ಟರು. ಆದರೂ ಅವನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು, ಉಸಿರು ಸಣ್ಣದಾಯಿತು. ಯಂತ್ರ ಬೇಕು, ಮೈಸೂರಿಗೆ ಹೊರಡಿ ಎಂದರು. ಆಂಬುಲೆನ್ಸಿನಲ್ಲಿ ನರ್ಸ್ ಇರಲಿಲ್ಲ, ಏಕಿರಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆಸ್ಪತ್ರೆಯ ಸಿಸ್ಟರ್ ಜವರಯ್ಯನ ಮೂಗುಬಾಯಿಗೆ ಮುಚ್ಚಳವಿಟ್ಟು, ಅದಕ್ಕಂಟಿದ ರಬ್ಬರಿನ ಚೀಲವನ್ನು ನನ್ನ ಕೈಗೆ ಕೊಟ್ಟು, “ಒತ್ತಿ, ಬಿಡಿ, ಒತ್ತಿ, ಬಿಡಿ. ಮೈಸೂರು ಬರೋವರೆಗೂ ನಿಲ್ಲಿಸಬೇಡಿ” ಎಂದು ಇಳಿದುಹೋದರು.

ಹೀಗೆ ಅರ್ಥಶಾಸ್ತ್ರದ ಎಂ.ಎ. ಪದವೀಧರನೊಬ್ಬ ಇನ್ನೊಬ್ಬನ ಶ್ವಾಸಕೋಶವಾಗಿ ಹೊರಟ. ಎದುರಿಗೆ ಜವರಯ್ಯನ ಹೆಂಡತಿ ಕೆಂಪಮ್ಮ, ಅವಳ ಪಕ್ಕದಲ್ಲಿ ಅವನ ಅಣ್ಣ ನಿಂಗಯ್ಯ, ಮುಂದೆ ಡ್ರೈವರ್ ಸಿದ್ದರಾಜು. ನಿಮಗೆ ಹೇಗೆ ಹೇಳಲಿ, ಇವತ್ತಿಗೂ ಊಟದ ನಡುವೆ ನನ್ನ ಬಲಗೈ ತಾನಾಗಿ ಮುಚ್ಚಿ ತೆರೆಯುತ್ತದೆ, ಸಾರು ಚೆಲ್ಲುತ್ತದೆ. ಪ್ರತಿ ಉಬ್ಬಿನಲ್ಲೂ ಮುಚ್ಚಳ ಸರಿಯುತ್ತಿತ್ತು. ಪ್ರತಿ ಸಲ ಸರಿದಾಗಲೂ ಅವನ ಎದೆ ಏಳದೆ ಹಾಗೇ ಇರುತ್ತಿತ್ತು. ನಾನು ಒತ್ತಿದರೆ ಉಂಟು, ಬಿಟ್ಟರೆ ಇಲ್ಲ.

ಹಂಪಾಪುರದಲ್ಲಿ ರಸ್ತೆ ಕವಲೊಡೆಯುತ್ತದೆ. ನೆಟ್ಟಗೆ ಹೋದರೆ ಮೈಸೂರು, ಪಕ್ಕಕ್ಕೆ ಹೊರಳಿದರೆ ಜವರಯ್ಯನ ಮನೆ. ಅಲ್ಲಿ ಬರುವಷ್ಟರಲ್ಲಿ ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಿಂಗಯ್ಯ ಎದ್ದು ಡ್ರೈವರಿನ ಕಿಂಡಿ ಬಡಿದ.

“ತಿರುಗ್ಸಪ್ಪ ಗಾಡಿಯ! ಇನ್ನು ಮೈಸೂರು ಕಾಣಕಿಲ್ಲ ಇವ್ನು. ಉಸಿರಿರೋವಾಗ್ಲೇ ಮನೆ ಸೇರ್ಸ್ಬುಡನ. ದಾರೀಲಿ ಹೋದ್ರೆ ಒಳಿಕ್ಕೆ ತರಕ್ಕಾಯ್ತದಾ?”

ಸಿದ್ದರಾಜು ಗಾಡಿ ನಿಲ್ಲಿಸಿದ. ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿದ. “ಸಾರ್, ನೀವು ಆಫೀಸರ್ರು. ನೀವೇಳಿ, ಯಾವ ಕಡೀಕೆ?”

ಓದುಗರೇ, ಆಗ ನಾನು ಹೇಳಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. “ಮನೆಯವರು ಹೇಳಿದಂತೆ,” ಎಂದೆ. ವರ್ಷಗಳ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು. ಕೈ ಮಾತ್ರ ಒತ್ತುತ್ತಲೇ ಇತ್ತು. ನನಗಿಂತ ನನ್ನ ಕೈ ಎಷ್ಟೋ ಯೋಗ್ಯವಾಗಿ ನಡೆದುಕೊಂಡಿತು. ಸಿದ್ದರಾಜು ಗೇರು ಬದಲಿಸಿ ಸ್ಟೀರಿಂಗನ್ನು ಊರಿನ ಕಡೆಗೆ ಹೊರಳಿಸತೊಡಗಿದ.

ಆಗ ಕೆಂಪಮ್ಮ ನನ್ನ ಮೊಣಕಾಲು ಹಿಡಿದಳು. “ಸ್ವಾಮಿ, ನಮ್ಮತ್ತೆ ಹೋಗಿದ್ದು ಮೈಸೂರಿನ ದಾರೀಲಿ. ನೀವು ಮನೇಲೇ ಅಂತ ಬರ್ಕೊಂಡ್ರಿ ಅಲ್ವ?”

ಹೌದೆಂದೆ.

“ಇವ್ರ್ಗೂ ಅಂಗೇ ಬರೀತೀರಾ? ಎಲ್ಲೋದ್ರೂ ಸೈತ?”

ಬರೀತೀನಿ ಎಂದೆ.

“ಮಾತ್ ಕೊಡಿ.”

ಕೊಟ್ಟೆ. ಒಂದು ಕೈ ಚೀಲದ ಮೇಲೆ, ಇನ್ನೊಂದು ಮುಚ್ಚಳದ ಮೇಲೆ ಇದ್ದುದರಿಂದ ಬಾಯಲ್ಲೇ ಕೊಟ್ಟೆ. ಅವಳು ನಿಂಗಯ್ಯನ ಕಡೆ ತಿರುಗಿದಳು. “ಕೇಳಿಸ್ಕೊಂಡ್ರಾ ಬಾವಾ? ಶಾನುಭೋಗ್ರು ಮನೇಲೇ ಅಂತ ಬರ್ದ್ಮೇಲೆ ಮನೇಲೇ ಹೋದಂಗೆ. ಸರ್ಕಾರ್ದೋರೇ ಬರ್ದ್ಮೇಲೆ ಬಾಗ್ಲಾಕೋನು ಯಾವನು? ನಡೀಲಾ ಸಿದ್ರಾಜು, ಮುಂದ್ಕೇ ಓಡ್ಸು!”

ನಿಂಗಯ್ಯ ಕಿಂಡಿಯಿಂದ ಕೈ ತೆಗೆದು ಕೂತ. ಗಾಡಿ ನೆಟ್ಟಗೆ ಓಡಿತು. ಮುಂದಿನ ಮುಕ್ಕಾಲು ಗಂಟೆ ನಾನು ಒತ್ತುತ್ತಾ ಬಿಡುತ್ತಾ ಹೋದೆ, ಎಣಿಸುತ್ತಾ ಎಣಿಕೆ ತಪ್ಪುತ್ತಾ. ಮೈಸೂರಿನಲ್ಲಿ ಸ್ಟ್ರೆಚರಿನವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಜವರಯ್ಯ ಬದುಕಿದ. ಯಂತ್ರದ ಮೇಲೆ ಕೆಲವು ದಿನ ಮಲಗಿ, ಎದ್ದು, ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲವೆಂದು ಜಗಳವಾಡುವಷ್ಟು ಚೇತರಿಸಿಕೊಂಡ. ಮತ್ತೆ ಮತ್ತೆ ನೆನೆದಾಗಲೆಲ್ಲ ನನ್ನನ್ನು ಇರಿಯುವುದು ಇದು: ನನ್ನ ಸಂಶೋಧನೆ ಅವನ ಗಾಡಿಯಿಂದ ನರ್ಸನ್ನು ಇಳಿಸಿತ್ತು, ನನ್ನ ಸುಳ್ಳು ಅವನನ್ನು ಮೈಸೂರು ಮುಟ್ಟಿಸಿತು. ಈ ಫಲಿತಾಂಶವನ್ನು ಯಾವ ನಕ್ಷೆಯಲ್ಲಿ ತೋರಿಸುವುದೋ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಮೇಡಮ್ಮಿಗೆ ಎಲ್ಲವನ್ನೂ ಬರೆದು, ತೀರ್ಮಾನವೇ ತಪ್ಪು, ಹಿಂತೆಗೆದುಕೊಳ್ಳೋಣ ಎಂದೆ. ಅವರು ಅತ್ಯಂತ ಸೌಜನ್ಯದಿಂದ, ಒಂದು ಘಟನೆ ದತ್ತಾಂಶವಾಗುವುದಿಲ್ಲವೆಂದೂ, ಅಲ್ಲದೆ ಸದರಿ ವ್ಯಕ್ತಿ ತೀರಿಕೊಳ್ಳದ ಕಾರಣ ಅಧ್ಯಯನದ ವ್ಯಾಪ್ತಿಗೇ ಬರುವುದಿಲ್ಲವೆಂದೂ ಉತ್ತರಿಸಿದರು. ಸತ್ತಿದ್ದರೆ ಜವರಯ್ಯ ಮನೆಯಲ್ಲೇ ಸತ್ತವನಾಗಿ ನನ್ನ ಪ್ರಬಂಧಕ್ಕೆ ಇನ್ನೊಂದು ಪುರಾವೆಯಾಗುತ್ತಿದ್ದ; ಬದುಕಿ ಅನರ್ಹನಾದ. ನಾನು ಪ್ರಬಂಧ ವಾಪಸು ಪಡೆದೆ. ಪುಟ್ಟಸ್ವಾಮಿ ಫೋನಿನಲ್ಲಿ ಬೈದ: “ಬುಡ್ಲಾ, ಹೆಸ್ರಾದ್ರೂ ಬತ್ತಿತ್ತು. ಈಗ ನಿಜ ಬರ್ಯಕ್ಕೋಗಿ ನೋಟೀಸ್ ಬತ್ತದೆ ನೋಡ್ಕೊ.” ಬರಬಹುದು. ಆದರೂ ಹಳೆಯ ದಾಖಲೆಗಳನ್ನು ಆ ಆರನೆಯ ಚೀಲಕ್ಕೆ ತುಂಬಿಕೊಂಡು ಮನೆಮನೆಗೆ ಹೋಗಿ, ನಿಜಕ್ಕೂ ಉಸಿರು ನಿಂತದ್ದು ಎಲ್ಲಿ ಎಂದು ಕೇಳತೊಡಗಿದ್ದೇನೆ. ಮೊದಲು ಕಾಫಿ ಕೊಡುತ್ತಾರೆ, ಆಮೇಲೆ ಬೈಗುಳ, ಆಮೇಲೆ ಯಾರೋ ಒಬ್ಬರು ಹೊರಗೆ ಕಳಿಸಲು ಬಂದಾಗ ಮೆಲ್ಲಗೆ ಒಂದು ತಿರುವಿನ ಹೆಸರು ಹೇಳುತ್ತಾರೆ.

ಮೊನ್ನೆ ಜವರಯ್ಯನ ಮನೆಗೂ ಹೋಗಿದ್ದೆ, ಅವನ ತಾಯಿಯ ಸಾವಿನ ಬಗ್ಗೆ ಕೇಳಲು. ಅವನು ಜಗಲಿಯ ಮೇಲೆ ಬೀಡಿ ಹಚ್ಚಿ ಕೂತಿದ್ದ. ನಾನು ಅಷ್ಟು ಕಷ್ಟಪಟ್ಟು ತುಂಬಿದ ಎದೆಯೊಳಗೆ ಹೊಗೆ ತುಂಬುತ್ತಿದ್ದ. ಕೆಂಪಮ್ಮನಿಗೆ ವಿಷಯ ಬಿಡಿಸಿ ಹೇಳಿದೆ: ಇನ್ನು ಮುಂದೆ ದಾರಿಯಲ್ಲಿ ಹೋದವರನ್ನು ದಾರಿಯಲ್ಲೇ ಎಂದು ಬರೆಯಬೇಕು, ಹಾಗೆ ಬರೆದರೇ ಮೇಲಿನವರಿಗೆ ತಿಳಿಯುವುದು, ಗಾಡಿಗೆ ನರ್ಸ್ ಬರುವುದು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಗಂಡನ ಕಡೆ ಒಮ್ಮೆ ನೋಡಿ, ನ್ಯಾಯ ತೀರ್ಮಾನ ಕೊಡುವವಳಂತೆ ಹೇಳಿದಳು:

“ಬರೀರಿ ಸ್ವಾಮಿ, ಅತ್ತೇದೂ ಬರೀರಿ, ಊರೋರ್ದೆಲ್ಲಾನೂ ನಿಜ್ವೇ ಬರೀರಿ. ಆದ್ರೆ ಗಾಡೀಗೆ ನರ್ಸಮ್ಮ ಬರಗಂಟ, ನೀವು ನಂಗ್ ಕೊಟ್ಟಿರೋ ಮಾತು ಮಾತ್ರ ಅಂಗೇ ಇರ್ಲಿ.”