ನೀಲಿ ಕೈಗಳ ಸಾಕ್ಷಿ

ಕೊರ್ಚಾ ಊರಿನ ನೇಯ್ಗೆ ಗಿರಣಿಗೆ ಸೇರಿದಾಗ ಎಫ್ತಾಲಿಗೆ ಹದಿನೇಳು. ಮೊದಲ ನಾಲ್ಕು ವರ್ಷ ಅವಳು ಬಣ್ಣದ ಮನೆಯಲ್ಲಿದ್ದಳು. ನೂಲಿನ ಲಡಿಗಳನ್ನು ನೀಲಿಯ ತೊಟ್ಟಿಗೆ ಅದ್ದುವುದು, ಎತ್ತುವುದು, ಹಿಂಡುವುದು ಅಲ್ಲಿನ ಹನ್ನೆರಡು ಹೆಂಗಸರ ಕೆಲಸ. ವರ್ಷಕ್ಕೊಂದು ಜೊತೆ ರಬ್ಬರಿನ ಕೈಗವಸು ಕೊಡುತ್ತಿದ್ದರು. ಅದು ಎರಡು ತಿಂಗಳಿಗೆ ಹರಿಯುತ್ತಿತ್ತು, ಉಳಿದ ಹತ್ತು ತಿಂಗಳು ಬರಿಗೈ. ನಿಂಬೆಹಣ್ಣು, ಬೂದಿ, ಹುಳಿ ಮಜ್ಜಿಗೆ ಯಾವುದಕ್ಕೂ ಆ ಬಣ್ಣ ಜಗ್ಗುತ್ತಿರಲಿಲ್ಲ. ಬೀದಿಗೆ ಬಂದರೆ ಆ ಹೆಂಗಸರು ಬೇಸಿಗೆಯಲ್ಲೂ ಕೈಗಳನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡು ನಡೆಯುತ್ತಿದ್ದರು. ಹಾಗಾಗಿ ಊರಿನ ಬಹಳ ಜನ ಆ ಕೈಗಳನ್ನು ಸರಿಯಾಗಿ ನೋಡಿರಲೇ ಇಲ್ಲ.

ನೋಡಿದವನು ಪಾಂದೆಲಿ. ಊರಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಚಿತ್ರಗಾರರು ಕಾರ್ಮಿಕರ ನಡುವೆ ಇದ್ದು ಚಿತ್ರ ಬರೆಯಬೇಕೆಂದು ರಾಜಧಾನಿ ಟಿರಾನಾದಿಂದ ಅಪ್ಪಣೆ ಬಂದಾಗ ಉಳಿದವರೆಲ್ಲ ಬೆಳಕಿರುವ ಮಗ್ಗದ ಸಾಲು ಹಿಡಿದರು. ಪಾಂದೆಲಿ ಹಬೆ ತುಂಬಿದ ಬಣ್ಣದ ಮನೆಗೆ ಬಂದು ಎರಡು ವಾರ ಮರದ ಡಬ್ಬದ ಮೇಲೆ ಕುಳಿತ.

"ಮೇಷ್ಟ್ರೇ, ನನ್ನ ಬರೆಯೋದಾದ್ರೆ ಸೊಂಟ ಸ್ವಲ್ಪ ಸಣ್ಣ ಮಾಡಿ," ಎಂದಳು ಎಲ್ಲರಿಗಿಂತ ಹಿರಿಯಳಾದ ಕಲಿಯೋಪಿ.

"ಸಣ್ಣ ಮಾಡಿದ್ರೆ ನಿಮ್ಮ ಯಜಮಾನ್ರು ಗುರುತು ಹಿಡಿಯೋದು ಹೇಗಕ್ಕಾ?"

"ಹಿಡೀದಿದ್ರೆ ಒಳ್ಳೇದೇ ಆಯ್ತು."

ಎಲ್ಲರೂ ನಕ್ಕರು. ಪಾಂದೆಲಿ ಮಾತ್ರ ನಗುತ್ತಲೇ ಎಫ್ತಾಲಿಯ ಕೈ ನೋಡುತ್ತಿದ್ದ. "ತಂಗಿ, ಆ ಲಡಿ ಇನ್ನೊಂಚೂರು ಹಾಗೇ ಎತ್ತಿ ಹಿಡ್ಕೋ," ಎಂದ. ಅವಳು ಹಿಡಿದಳು. ಆವರೆಗೆ ಯಾರೂ ಅವಳ ಕೈಯನ್ನು ಅಷ್ಟು ಹೊತ್ತು, ಅಷ್ಟು ಗೌರವದಿಂದ ನೋಡಿರಲಿಲ್ಲ.

ಅದೇ ಚಳಿಗಾಲದಲ್ಲಿ ಎಫ್ತಾಲಿಗೆ ಗಂಡು ಕೂಡಿಬಂತು. ಹುಡುಗ ಸೊತಿರ್, ರೈತರ ಸಹಕಾರ ಸಂಘದಲ್ಲಿ ಟ್ರ್ಯಾಕ್ಟರ್ ಓಡಿಸುವವನು. ಅವನ ತಾಯಿ ವಸಿಲಿಕಿ ಗಿರಣಿಯ ಊಟದ ಮನೆಯಲ್ಲಿದ್ದಳು. ಸಾವಿರಾರು ಜನ ಉಣ್ಣುವ ಕಡೆ ಅವಳು ಎಫ್ತಾಲಿಯನ್ನು ಗುರುತಿಟ್ಟವಳಲ್ಲ, ಸಂಬಂಧ ತಂದವಳ ಮಾತಿನಿಂದಷ್ಟೇ ಬಲ್ಲಳು. ಭಾನುವಾರ ಅವಳು ಹೆಣ್ಣು ನೋಡಲು ಬರುವುದೆಂದಾಯಿತು. ಆ ಊರಿನಲ್ಲಿ ಹೆಣ್ಣು ನೋಡುವುದೆಂದರೆ ಕಾಫಿಯ ತಟ್ಟೆ ಹಿಡಿದ ಕೈ ನೋಡುವುದು. ಕೈ ನಡುಗುತ್ತದೆಯೋ, ಉಗುರು ಚೊಕ್ಕವೋ, ಬಟ್ಟಲು ತುಳುಕಿತೋ ಎಲ್ಲವನ್ನೂ ಅತ್ತೆಯಾಗುವವಳು ಬಾಯಿ ಬಿಡದೆ ಅಳೆಯುತ್ತಾಳೆ. ಎಫ್ತಾಲಿ ತಾನು ನೂಲು ಸುತ್ತುವ ವಿಭಾಗದವಳೆಂದು ಹೇಳಿಸಿದ್ದಳು. ಅಲ್ಲಿ ಎಲ್ಲವೂ ಬಿಳಿ.

ಆ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಪಾಂದೆಲಿಯ ಚಿತ್ರವನ್ನು ಊಟದ ಮನೆಯ ಗೋಡೆಗೆ ಒರಗಿಸಿದರು. ಟಿರಾನಾದಿಂದ ಮೂವರು ಬಂದಿದ್ದರು. ಆ ವರ್ಷ ಸರ್ಕಾರದ ಗಾಳಿ ತಿರುಗಿತ್ತು. ಚಿತ್ರದಲ್ಲಿ ಬಣ್ಣ ಹೊಳೆಯಬೇಕು, ದುಡಿಯುವವರು ನಗಬೇಕು, ತೀರ್ಪನ್ನು ಕಾರ್ಮಿಕರ ಬಾಯಿಂದಲೇ ಹೇಳಿಸಬೇಕು. ಚಿತ್ರದಲ್ಲಿ ಮೂವರು ಹೆಂಗಸರು ಹಬೆಯ ನಡುವೆ ಲಡಿ ಎತ್ತುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಮೊಣಕೈ ತನಕ ಅವರ ಕೈ ನೀಲಿ.

"ಸಂಗಾತಿಗಳೇ, ನಮ್ಮ ಹೆಣ್ಣುಮಕ್ಕಳ ಕೈ ಇಲ್ಲಿ ಹೆಣದ ಕೈ ಥರ ಇದೆ," ಎಂದ ಬಂದವರಲ್ಲಿ ಒಬ್ಬ. "ನಾನು ಹೇಳೋದು ಬೇಡ. ನೀವೇ ಹೇಳಿ." ಅವನ ಬೆರಳು ಮುಂದಿನ ಸಾಲಿನಲ್ಲಿದ್ದ ಎಫ್ತಾಲಿಯ ಮೇಲೆ ನಿಂತಿತು. "ನೀನು ಹೇಳಮ್ಮ. ನಿಮ್ಮ ಕೈ ಹೀಗಿದೆಯಾ?"

ಅವಳು ಎದ್ದು ನಿಂತಳು. ಕೈಗಳು ಏಪ್ರನ್ನಿನ ಜೇಬಿನಲ್ಲಿದ್ದವು. ಎಡಕ್ಕೆ, ಒಲೆಯ ಬದಿಯಲ್ಲಿ, ಸೌಟು ಹಿಡಿದ ವಸಿಲಿಕಿ ಕತ್ತು ಚಾಚಿ ನೋಡುತ್ತಿದ್ದಳು. ಬಲಕ್ಕೆ ಪಾಂದೆಲಿ, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡವನು, ಅವಳು ಎದ್ದದ್ದನ್ನು ಕಂಡು ಸಮಾಧಾನದಿಂದ ಉಸಿರುಬಿಟ್ಟ.

"ಇಲ್ಲ," ಎಂದಳು ಎಫ್ತಾಲಿ. "ನಮ್ಮ ಕೈ ನೀಲಿ ಇಲ್ಲ."

ಕೈ ತೋರಿಸೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ಬಣ್ಣದ ಮನೆಯ ಉಳಿದ ಹನ್ನೊಂದು ಹೆಂಗಸರು ತಲೆ ತಗ್ಗಿಸಿ ಕುಳಿತರು. ಕಲಿಯೋಪಿ ಮಾತ್ರ ಒಮ್ಮೆ ಕೆಮ್ಮಿದಳು.

ಪಾಂದೆಲಿಗೆ ಎಂಟು ವರ್ಷ ಶಿಕ್ಷೆಯಾಯಿತು. ಉತ್ತರದ ತಾಮ್ರದ ಗಣಿಯಲ್ಲಿ ಕೆಲಸ. ಅದು ಮುಗಿದ ಮೇಲೂ ಊರಿಗೆ ಬರಲು ಬಿಡದೆ ಎಲ್ಲೋ ಜೌಗು ಬಯಲಿನ ಹಳ್ಳಿಗೆ ಹಾಕಿದರು. ಎಫ್ತಾಲಿಗೆ ತಿಂಗಳೊಳಗೆ ಬಟ್ಟೆ ಪರೀಕ್ಷಿಸುವ ಕೋಣೆಗೆ ವರ್ಗವಾಯಿತು. ದೊಡ್ಡ ಕಿಟಕಿ, ಕುರ್ಚಿ, ಒಣಗಿದ ನೆಲ. ಅವಳೇನೂ ಕೇಳಿರಲಿಲ್ಲ, ಆದರೂ ಕೊಟ್ಟರು. ದಿನದಿಂದ ದಿನಕ್ಕೆ ಕೈ ಬಿಳುಪಾಗುತ್ತ ಬಂತು. ಕೊನೆಗೊಂದು ದಿನ ಉಗುರಿನ ಸಂದಿಯಲ್ಲೂ ಏನೂ ಉಳಿಯದಿದ್ದಾಗ ಅವಳು ಕೈಗಳನ್ನು ಮತ್ತೆ ಏಪ್ರನ್ನಿನ ಜೇಬಿಗೆ ಸೇರಿಸಿಕೊಂಡಳು. ಚಳಿಯಾಗಿರಬೇಕೆಂದು ಜೊತೆಯವರು ಕಿಟಕಿ ಮುಚ್ಚಿದರು.

ಮದುವೆಯಾದ ಎಷ್ಟೋ ವರ್ಷಗಳ ಮೇಲೆ ಒಮ್ಮೆ ಗಂಡನಿಗೆ ಹೇಳಿದಳು.

"ನೀನು ಹೇಳದಿದ್ರೆ ಪಕ್ಕದವಳು ಹೇಳ್ತಿದ್ಲು," ಎಂದ ಸೊತಿರ್, ಬೂಟಿನ ಕೆಸರು ಕೆರೆಯುತ್ತ. "ಆ ಮನುಷ್ಯನ ತೀರ್ಪು ಟಿರಾನಾದಲ್ಲೇ ಬರೆದಾಗಿತ್ತು. ನೀನ್ಯಾವ ದೊಡ್ಡ ಜಡ್ಜು?"

"ಪಕ್ಕದವಳು ಹೇಳಲಿಲ್ಲವಲ್ಲ."

"ಸರಿ, ಹಾಗಾದ್ರೆ ಅಳ್ತಾ ಕೂತ್ಕೋ. ಅವನಿಗೆ ಗಣಿ ತಪ್ಪುತ್ತೇನು ನೋಡೋಣ."

ವಸಿಲಿಕಿ ಹಾಸಿಗೆ ಹಿಡಿದಾಗ ಸೊಸೆಯೇ ಆರೈಕೆ ಮಾಡಿದಳು. ಒಂದು ದಿನ ಸೂಪು ಕುಡಿಸುತ್ತಿದ್ದ ಕೈಯನ್ನು ಮುದುಕಿ ಹಿಡಿದುಕೊಂಡು ಸುಮ್ಮನೆ ನಕ್ಕಳು. "ಆ ಭಾನುವಾರ ನೀನು ಕೈಗೆ ಸುಣ್ಣ ಹಾಕಿ ಉಜ್ಜಿಕೊಂಡಿದ್ದೆ ಅಲ್ವೇನೇ? ಚರ್ಮವೇ ಕಿತ್ತು ಬಂದಿತ್ತು. ಪಾಪ ಅನಿಸ್ತು ನನಗೆ."

"ಗೊತ್ತಿತ್ತಾ ಅತ್ತೆ?"

"ಬಣ್ಣದ ಮನೆಯವಳು ಅಂತ ಶನಿವಾರವೇ ಕಲಿಯೋಪಿ ಹೇಳಿದ್ಲು. ದುಡಿಯೋ ಹುಡುಗಿ, ಇರಲಿ ಅಂದ್ಕೊಂಡೆ. ಕೈಗೆ ಬಣ್ಣ ಹತ್ತಿದೆ ಅಂತ ಯಾರಾದ್ರೂ ಸೊಸೆ ಬೇಡ ಅಂತಾರಾ?"

ಎಫ್ತಾಲಿ ಚಮಚವನ್ನು ಬಟ್ಟಲಲ್ಲಿಟ್ಟಳು. ಆವರೆಗೆ ಅವಳ ಸುಳ್ಳಿಗೆ ಒಂದು ಬೆಲೆಯಾದರೂ ಇತ್ತು: ಈ ಮನೆ, ಈ ಗಂಡ, ಇಬ್ಬರು ಮಕ್ಕಳು. ಈಗ ಅದೂ ಇಲ್ಲವಾಯಿತು.

ಮುದುಕಿ ಸತ್ತ ಮರುವರ್ಷ ಸರ್ಕಾರ ಬಿತ್ತು, ಗಿರಣಿಯೂ ಮುಚ್ಚಿತು. ಪಾಂದೆಲಿ ಊರಿಗೆ ಮರಳಿ ತಂಗಿ ಓಲಿಂಬಿಯ ಮನೆಯಲ್ಲಿದ್ದಾನೆಂಬ ಸುದ್ದಿ ಬಂತು. ಇಡೀ ಚಳಿಗಾಲ ಎಫ್ತಾಲಿ ಆ ಬೀದಿಯನ್ನು ತಪ್ಪಿಸಿ ಸುತ್ತು ಬಳಸಿ ಓಡಾಡಿದಳು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ತಲೆಗೆ ವಸ್ತ್ರ ಕಟ್ಟಿಕೊಂಡು ಹೋಗಿ ಅವರ ಬಾಗಿಲು ಬಡಿದಳು.

ಓಲಿಂಬಿ ಯಾರು, ಏಕೆ ಎಂದು ಕೇಳದೆ ಒಳಗೆ ಕರೆದು ಒಲೆಯ ಬಳಿ ಕೂರಿಸಿದಳು. ಪಾಂದೆಲಿ ಕಿಟಕಿಯ ಪಕ್ಕ ಕುಳಿತು ಈರುಳ್ಳಿಯ ಹಾಗಿರುವ ಲೀಕ್ ಸೊಪ್ಪು ಬಿಡಿಸುತ್ತಿದ್ದ. ಹಲ್ಲು ಉದುರಿ ಮುಖ ಒಳಕ್ಕೆ ಸೇದಿಕೊಂಡಿತ್ತು.

"ಓಲಿಂಬಿ, ಇದು ಹಳದಿ ಆಗಿದೆಯಾ?"

"ಹಸಿರೇ ಇದೆ ಕಣಣ್ಣ. ಹಾಕು." ಓಲಿಂಬಿ ಎಫ್ತಾಲಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಕಣ್ಣು ಚೆನ್ನಾಗೇ ಇದೆ, ಡಾಕ್ಟರೂ ಹೇಳಿದ್ರು. ಆದ್ರೂ ಪ್ರತಿಯೊಂದಕ್ಕೂ ಬಣ್ಣ ಕೇಳ್ತಾನೆ. ಚಿತ್ರ ಬರೆದವನು."

ಕಾಫಿ ಬಂತು. ಎಫ್ತಾಲಿ ಬಟ್ಟಲನ್ನು ಮುಟ್ಟಲಿಲ್ಲ. ಅಣ್ಣ ತಂಗಿ ಇಬ್ಬರೂ ಅದನ್ನು ಗಮನಿಸಿದರು. ಬೇಡಿಕೆ ಹೊತ್ತು ಬಂದವರು ಮನೆಯವರು ಮಾತು ಕೊಡುವ ತನಕ ಕಾಫಿ ಕುಡಿಯುವುದಿಲ್ಲ. ಪಾಂದೆಲಿ ಸೊಪ್ಪನ್ನು ಪಕ್ಕಕ್ಕಿಟ್ಟ.

"ಏನು ಬೇಕಾಗಿತ್ತಮ್ಮ? ನನ್ನ ಹತ್ರ ಏನಿದೆ ಕೊಡೋಕೆ?"

"ನಾನು ಎಫ್ತಾಲಿ, ಮೇಷ್ಟ್ರೇ. ಬಣ್ಣದ ಮನೆಯವಳು. ಆವತ್ತು ಎದ್ದು ನಿಂತು ಹೇಳಿದವಳು."

ಅವನ ಮುಖ ಅರಳಿತು. ಅದನ್ನು ಅವಳು ಎಣಿಸಿರಲಿಲ್ಲ. "ನೀನಾ ತಂಗಿ? ಓಲಿಂಬಿ, ಇವಳೇ ಕಣೇ. ನಿನ್ನ ಮೇಲೆ ನನಗೇನೂ ಇಲ್ಲಮ್ಮ, ಕಾಫಿ ಕುಡಿ. ಆಮೇಲೆ ವಿಚಾರಣೆಯಲ್ಲಿ ಮಾತಾಡಿದವರೆಲ್ಲ ಹೇಳಿಕೊಟ್ಟದ್ದು ಒಪ್ಪಿಸಿದ್ರು. ನಿನಗೆ ಸುಳ್ಳು ಹೇಳೋ ಗರಜೇನಿತ್ತು? ಗಣಿಯೊಳಗೆ ಅದನ್ನೇ ಯೋಚಿಸ್ತಿದ್ದೆ. ಆ ಹುಡುಗಿ ಇಲ್ಲ ಅಂದ್ಲು ಅಂದ್ರೆ ಇಲ್ಲ. ಹಬೆಯೋ, ತೊಟ್ಟಿಯ ನೆರಳೋ, ಏನೋ ಒಂದು ನನ್ನ ಕಣ್ಣಿಗೆ ಮೋಸ ಮಾಡಿದೆ. ಅವತ್ತಿಂದ ಪೆನ್ಸಿಲ್ ಮುಟ್ಟಿಲ್ಲ. ಕಣ್ಣು ನೆಚ್ಚೋಕಾಗದವನು ಏನು ಬರೀತಾನೆ?"

ಕಾಫಿ ಕುಡಿದು ಎದ್ದುಬಿಡಬಹುದಿತ್ತು. ಕೇಳುವ ಮೊದಲೇ ಮಾತು ಸಿಕ್ಕಿತ್ತು. ಎಫ್ತಾಲಿ ಬಟ್ಟಲನ್ನು ಇನ್ನಷ್ಟು ದೂರ ಸರಿಸಿದಳು.

"ನೀಲಿ ಇತ್ತು ಮೇಷ್ಟ್ರೇ. ಜೇಬಿನಲ್ಲಿ ಬಚ್ಚಿಟ್ಕೊಂಡಿದ್ದೆ. ಅತ್ತೆ ಆಗೋರು ನೋಡ್ತಿದ್ರು. ನಾಚಿಕೆ ಆಯ್ತು."

ಪಾಂದೆಲಿ ಪಕ್ಕಕ್ಕಿಟ್ಟ ಸೊಪ್ಪಿನಿಂದ ಒಂದು ಎಲೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ.

"ಎಲ್ಲಿ ತನಕ?" ಎಂದು ಕೇಳಿದ.

"ಮೊಣಕೈ ತನಕ. ಉಗುರಿನ ಬುಡ ಕಪ್ಪಿಗೆ ತಿರುಗಿರ್ತಿತ್ತು."

"ನೂಲು?"

"ತೊಟ್ಟಿಯಿಂದ ಎತ್ತಿದಾಗ ಹಸಿರು. ಗಾಳಿ ತಾಗಿದ ಮೇಲೆ ನೀಲಿ."

"ಹಸಿರು," ಎಂದ ಅವನು ಮೆಲ್ಲಗೆ. "ಅದನ್ನೂ ನೋಡಿದ್ದೆ. ಭ್ರಮೆ ಅಂದ್ಕೊಂಡಿದ್ದೆ."

"ಅಣ್ಣಾ, ಕಾಫಿ ಆರ್ತಾ ಇದೆ," ಎಂದಳು ಓಲಿಂಬಿ. ಕುಡಿ ಎಂದು ಹೇಳಿಬಿಡು ಎಂಬ ಬೇಡಿಕೆಯೂ ಆ ಮಾತಿನಲ್ಲಿತ್ತು.

"ಆರಲಿ. ಆಗ್ಲೇ ಕೊಟ್ಟ ಮಾತು ಬೇರೆಯವಳಿಗೆ ಕೊಟ್ಟದ್ದು. ಇವಳಿಗಲ್ಲ." ಅವನು ಕೋಪದಿಂದ ಹೇಳಲಿಲ್ಲ. "ಎಂಟು ವರ್ಷ ಹಾಕಿದೋರು ಬೇರೆ. ಅದಕ್ಕೆ ನೀನು ಬರಬೇಕಾಗಿರಲಿಲ್ಲ ತಂಗಿ. ಆದ್ರೆ ನನ್ನ ಕಣ್ಣನ್ನೇ ನಾನು ನಂಬದ ಹಾಗೆ ಆಯ್ತಲ್ಲ, ಇದಕ್ಕೆ ಕುಡಿ ಅನ್ನೋಕೆ ಬಾಯಿ ಬರ್ತಿಲ್ಲ."

"ಕುಡಿಯಲ್ಲ ಮೇಷ್ಟ್ರೇ," ಎಂದು ಎಫ್ತಾಲಿ ಎದ್ದಳು.

ಅವಳು ಅಂಗಳದ ಗೇಟು ದಾಟಿದಳು. ಕರಗುತ್ತಿದ್ದ ಹಿಮದ ನೀರು ಕಲ್ಲುಗಳ ನಡುವೆ ಹರಿಯುತ್ತಿತ್ತು. ಪಾಂದೆಲಿ ವಾಪಸು ಕರೆಯಬಹುದೇನೋ ಎಂದು ಗೋಡೆ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಓಲಿಂಬಿ ಶಾಲು ಹೊದ್ದು ಹೊರಗೆ ಬಂದಳು.

"ಹೋಗಮ್ಮ," ಎಂದಳು. "ಅವನು ಅಳೋಕೆ ಶುರು ಮಾಡಿದ್ದಾನೆ, ಊರಿಗೆ ಬಂದಾಗಿಂದ ಇದೇ ಮೊದಲು. ಅಳಲಿ. ನೀನು ಇಲ್ಲೇ ನಿಂತಿರೋದು ಕಿಟಕಿಯಿಂದ ಕಂಡರೆ ನಿಲ್ಲಿಸಿಬಿಡ್ತಾನೆ."

ಎಫ್ತಾಲಿ ಕಿಟಕಿಗೆ ಕಾಣದ ಹಾಗೆ ಗೋಡೆಯ ಮಗ್ಗುಲಲ್ಲೇ ನಡೆದು ಹೋದಳು.