ಬೆರಳಗಲದ ಪಟ್ಟಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಪಾಲಿಬೆಟ್ಟದ ತೋಟದಲ್ಲಿ ಕಾಫಿ ಕೊಯ್ಯುವ ಲಕ್ಷ್ಮಿ ಡಾಕ್ಟರ ಚೀಟಿ ಹಿಡಿದು ಬಂದಳು. ಬೆನ್ನೆಲುಬಿನ ಕೆಳಭಾಗದಲ್ಲಿ ನರ ಒತ್ತುತ್ತಿದ್ದ ನೀರು ತುಂಬಿದ ಗಂಟನ್ನು ಸಣ್ಣ ರಂಧ್ರ ಮಾಡಿಯೇ ತೆಗೆದಿದ್ದಾರೆ. ಆರು ವಾರ ಭಾರ ಎತ್ತಬಾರದು. ಇಲ್ಲಿ ಕೊಯ್ದವರೇ ಚೀಲ ಹೊರಬೇಕು.

ಅವಳ ಸೊಂಟದ ಮೇಲಿನ ಬೆರಳಗಲದ ಪಟ್ಟಿ ನೋಡಿ, ತೋಟದ ಹಾಜರಿ ಬರೆಯುವ ರೈಟರ್ ನಕ್ಕರು. “ಇದಕ್ಕೆ ಆರು ವಾರನಾ? ಮುಳ್ಳು ಚುಚ್ಚಿದ ಹಾಗಿದೆ. ನಾಳೆ ಪಿಕ್ಕಿಂಗ್‌ಗೆ ಬಾ.”

ಲಕ್ಷ್ಮಿ ಕೇಳಿದಳು: “ಹೋದ ವರ್ಷ ನಿಮ್ಮ ಕಾಲಿಗೆ ಹಾವು ಕಚ್ಚಿದಾಗ ಎರಡೇ ಚುಕ್ಕಿ ಇದ್ದದ್ದಲ್ವಾ ರೈಟ್ರೇ? ಎರಡು ತಿಂಗಳು ನಿಮ್ಮನ್ನ ಯಾರಾದ್ರೂ ಕೆಲಸಕ್ಕೆ ಕರೆದ್ರಾ?”

ರೈಟರ್ ಆರು ವಾರದ ರಜೆ ಬರೆದುಕೊಂಡರು. ತೋಟದ ಯಜಮಾನಿಯಾದ ನಾನೂ ಪಕ್ಕದಲ್ಲೇ ನಿಂತು, ಆ ಪಟ್ಟಿ ನೋಡಿ, ಎರಡು ವಾರ ಸಾಕಲ್ಲವೇ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ. ಬಚಾವಾದೆ.