ಎಡಗೈ ಮೇಲಿನ ಟವೆಲ್

ಚಾಮರಾಜನಗರದಲ್ಲಿ ನಾನು ಕೆಲಸಕ್ಕಿದ್ದ ಖಾಸಗಿ ಆಸ್ಪತ್ರೆಯಲ್ಲಿ ಹೊಸ ನರ್ಸಿಗೆ ಮೊದಲು ಕಲಿಸುತ್ತಿದ್ದದ್ದು ಬಿಪಿ ನೋಡುವುದನ್ನಲ್ಲ, ಟವೆಲ್ ಮಡಚುವುದನ್ನು. ಇಸ್ತ್ರಿ ಮಾಡಿದ ಬಿಳಿ ಟರ್ಕಿ ಟವೆಲ್ಲು. ನಾಲ್ಕು ಮಡಿಕೆ ಮಾಡಿ ಎಡಗೈ ಮೇಲೆ ಹಾಕಿಕೊಳ್ಳಬೇಕು, ಬಲಗೈಯಲ್ಲಿ ಕೈತೊಳೆಯುವ ಟ್ರೇ ಹಿಡಿಯಬೇಕು, ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ಅವರ ಹಿಂದೆ ಒಂದೇ ಹೆಜ್ಜೆ ಬಿಟ್ಟು ನಡೆಯಬೇಕು. ಅವರು ರೋಗಿಯನ್ನು ಮುಟ್ಟಿ ಕೈ ಹಿಂದಕ್ಕೆ ಚಾಚಿದರೆ ಸಾಕು, ತಿರುಗಿ ನೋಡುವ ತೊಂದರೆ ಇಲ್ಲದೆ ಟವೆಲ್ ಸಿಗಬೇಕು. ರೌಂಡ್ಸ್ ಮುಗಿಯುವ ತನಕ ಟವೆಲ್ ಹಿಡಿದವಳು ಆ ಜಾಗ ಬಿಟ್ಟು ಅಲ್ಲಾಡುವಂತಿಲ್ಲ.

ರೋಗಿಗಳ ಬೆಡ್‌ಶೀಟ್ ಬದಲಾಗುತ್ತಿದ್ದದ್ದು ವಾರಕ್ಕೆರಡು ಸಲ. ಟವೆಲ್ ಮಾತ್ರ ದಿನಾ ಹೊಸದು. ನಮ್ಮ ನರ್ಸಿಂಗ್ ಮೇಡಂ ಇದನ್ನು ಸಂಸ್ಥೆಯ ಸಂಸ್ಕೃತಿ ಎಂದು ಕರೆಯುತ್ತಿದ್ದರು. ಮೀಟಿಂಗಿನಲ್ಲಿ ಆ ಮಾತು ಬಂದಾಗ ಅವರ ಮುಖ ಮಂಗಳಾರತಿ ತಗೊಂಡವರ ಹಾಗೆ ಆಗುತ್ತಿತ್ತು. ನಾನು ತಲೆಯಾಡಿಸುತ್ತಿದ್ದೆ. ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸಿಗೆ ಓಡಿ ಬಂದು ವರ್ಷಗಟ್ಟಲೆ ಅದೇ ಟವೆಲ್ ಹಿಡಿದವಳು ನಾನು. ಆಮೇಲೆ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ಆದೆ, ಟವೆಲ್ಲನ್ನು ಬೇರೆಯವರ ಕೈಗೆ ದಾಟಿಸಿದೆ. ಮೇಡಂ ಇನ್ನು ಕೆಲವೇ ತಿಂಗಳಲ್ಲಿ ಕೆಲಸ ಬಿಡುವವರಿದ್ದರು. ಅವರ ಕುರ್ಚಿ ನನಗೇ ಎಂದು ಕ್ಯಾಂಟೀನಿನವರಿಗೂ ಗೊತ್ತಿತ್ತು.

ಆ ದಿನ ಟವೆಲ್ ಹಿಡಿದವಳು ಕುದೇರಿನ ಹೆಂಗಸು, ಎರಡು ಮಕ್ಕಳ ತಾಯಿ. ನಮ್ಮಲ್ಲಿ ಸೇರಿ ಆರು ತಿಂಗಳೂ ಆಗಿರಲಿಲ್ಲ. ದೊಡ್ಡ ಡಾಕ್ಟರು ಮೊದಲ ಮಂಚದ ಹತ್ತಿರ ನಿಂತು ಹಿಂದಿನ ವಾರ ತಾವು ಮಾಡಿದ ಭಾಷಣವನ್ನು ನಮಗೆ ಮತ್ತೆ ಮಾಡುತ್ತಿದ್ದರು. ಮಂಚದಲ್ಲಿದ್ದ ಬಾಣಂತಿ ಸುಮ್ಮನೆ ಸೂರು ನೋಡುತ್ತ ಮಲಗಿದ್ದಳು. ಆಗ ಆರನೇ ಮಂಚದ ಕಡೆಯಿಂದ ಒಬ್ಬಾಕೆ ನನ್ನ ಹತ್ತಿರ ಬಂದಳು. ಹರದನಹಳ್ಳಿಯವಳು, ಬೆಳಿಗ್ಗೆ ತಾನೆ ಹೆತ್ತಿದ್ದ ಹುಡುಗಿಯ ತಾಯಿ.

"ಸಿಸ್ಟ್ರವ್ವ, ನನ್ ಮಗ್ಳಿಗೆ ತಲ ಸುತ್ತುತ್ತಾ ಅದಂತ. ಬಟ್ಟ ಎಲ್ಲ ಒದ್ದ ಆಗ್ಬುಟ್ಟದ. ಒಸಿ ಬಂದು ನೋಡಿ."

ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆ ಹೋಗಿ ಮತ್ತೆ ಬಂದಳು. ನಾನು ಮತ್ತೆ ಬೆರಳಿಟ್ಟೆ. ಭಾಷಣ ಇನ್ನೂ ನಡೆಯುತ್ತಲೇ ಇತ್ತು. ಮೂರನೇ ಸಲ ಆಕೆ ನನ್ನ ಕಡೆ ಬರಲೇ ಇಲ್ಲ. ನೆಟ್ಟಗೆ ಟವೆಲ್ ಹಿಡಿದವಳ ಮುಂದೆ ಹೋಗಿ ನಿಂತಳು. ಕುದೇರಿನವಳು ನನ್ನ ಮುಖ ನೋಡಿದಳು. ಬೇಡ ಎಂದು ನಾನು ತಲೆಯಾಡಿಸಿದೆ.

ಅವಳು ಟ್ರೇಯನ್ನು ನನ್ನ ಕೈಗೆ ತುರುಕಿ, ಟವೆಲ್ಲನ್ನು ದೊಡ್ಡ ಡಾಕ್ಟರ ಹೆಗಲ ಮೇಲೆ ಹಾಕಿ ಓಡಿದಳು. ಹಾಕಿದಳು ಅಷ್ಟೆ, ಎಸೆಯಲಿಲ್ಲ. ಬೇರೆ ಎಲ್ಲಿಡಬೇಕಿತ್ತು? ಹೊದಿಕೆ ಎತ್ತಿದರೆ ಹಾಸಿಗೆಯೆಲ್ಲ ರಕ್ತ. ಅವಳು ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಲೆಂದು ಉಜ್ಜುತ್ತ, ಇಂಜೆಕ್ಷನ್ ತನ್ನಿ ಎಂದು ಕೂಗಿದಳು. ಆಮೇಲೆ ಎಲ್ಲರೂ ಓಡಿದೆವು. ದೊಡ್ಡ ಡಾಕ್ಟರೂ ಓಡಿದರು, ಹೆಗಲ ಮೇಲೆ ಟವೆಲ್ ಸಮೇತ. ಹುಡುಗಿ ಬದುಕಿಕೊಂಡಳು.

ಅಪಾಯ ಕಳೆದ ಮೇಲೆ ಯಾರದೋ ಅಜ್ಜಿ ಡಾಕ್ಟರ ಹೆಗಲು ನೋಡಿ ಕಿಸಕ್ಕನೆ ನಕ್ಕಿತು. "ಅಯ್ಯೋ, ಓಟ್ಲು ಭಟ್ಟ ಇದ್ದಂಗ್ ಅವ್ರಲ್ಲ ಕಣಮ್ಮಿ!" ವಾರ್ಡಿನಲ್ಲಿ ಇನ್ನೂ ನಾಲ್ಕು ಜನ ನಕ್ಕರು. ಡಾಕ್ಟರು ಟವೆಲ್ ಕಿತ್ತು ಕೆಳಗೆ ಹಾಕಿ ಹೊರಟುಹೋದರು.

ಮಧ್ಯಾಹ್ನ ಮೇಡಂ ಕೋಣೆಯಲ್ಲಿ ವಿಚಾರಣೆ. ಆರನೇ ಮಂಚದ ಬಾಣಂತಿ ಎಷ್ಟು ಹೊತ್ತು ರಕ್ತ ಸುರಿಸಿಕೊಂಡು ಮಲಗಿದ್ದಳು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದೆಲ್ಲ ಟವೆಲ್ ವಿಷಯ. ಓದಿದವರು, ಕನ್ನಡಕ ಹಾಕಿದವರು, ಒಂದು ಟವೆಲ್ಲಿನ ಸುತ್ತ ಮುಕ್ಕಾಲು ಗಂಟೆ ಕೂತರು. ಥೂ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

"ಎಸೆದಳು ಅಂತ ಬರ್ದು ಸೈನ್ ಮಾಡಿ," ಎಂದರು ಮೇಡಂ ನನಗೆ.

"ಹಾಕಿದ್ಲು ಮೇಡಂ, ಎಸೀಲಿಲ್ಲ."

"ನಾಳೆ ಈ ಕುರ್ಚೀಲಿ ಕೂರೋರು ನೀವು. ನೋಡಿ ಬರೀರಿ."

ನೋಡಿಯೇ ಬರೆದೆ. ಎಸೆದಳು ಎಂದು ಬರೆದೆ. ಹಿರಿಯ ಸಿಸ್ಟರ್ ಬೇಡ ಎಂದರೂ ಕೇಳದೆ ಹೋದಳು ಎಂದು ಯಾರೂ ಹೇಳಿಕೊಡದಿದ್ದರೂ ಸೇರಿಸಿದೆ. ಅಕ್ಷರ ಮುತ್ತು ಪೋಣಿಸಿದಂತೆ ಬಂದಿತ್ತು. ಆ ಜನರ ಮೇಲೆ ನನಗಿರುವ ತಾತ್ಸಾರ ಸಣ್ಣದಲ್ಲ, ಆದರೆ ಅದರಲ್ಲಿ ದೊಡ್ಡ ಪಾಲು ನನಗೇ ಸಲ್ಲಬೇಕು. ಮರುದಿನದಿಂದ ಅವಳಿಗೆ ಕೆಲಸವಿರಲಿಲ್ಲ. ಲಾಕರಿನ ಬೀಗದ ಕೈ ಕೊಡಲು ಬಂದಾಗ ನನ್ನನ್ನು ಒಂದೇ ಮಾತು ಕೇಳಿದಳು.

"ಆರನೇ ಬೆಡ್ಡಿನವ್ಳು ಊಟ ಮಾಡುದ್ಲಾ ಅಕ್ಕ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಹೋಗಿ ನೋಡಿರಲಿಲ್ಲ.

ಕುರ್ಚಿ ಸಿಕ್ಕಿತು. ದಾದಿಯರ ದಿನದಂದು ಮೇಣದಬತ್ತಿ ಹಿಡಿದು ಸೇವೆ, ಕರುಣೆ ಎಂದೆಲ್ಲ ಮಾತಾಡಿದೆ. ಜನ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಹೊಸದಾಗಿ ಸೇರಿದ ಇಬ್ಬರಿಗೆ ನಾಲ್ಕು ಮಡಿಕೆ ಹೇಗೆ ಹಾಕಬೇಕೆಂದು ತೋರಿಸಿಕೊಟ್ಟೆ.

ಹಾಗೆ ತೋರಿಸುತ್ತಿರುವಾಗಲೇ ಹರದನಹಳ್ಳಿಯ ಆ ತಾಯಿ ಬಂದಳು. ಬಗಲಲ್ಲಿ ಮೊಮ್ಮಗು, ಕೈಚೀಲದಲ್ಲಿ ಬಾಳೆಹಣ್ಣಿನ ಚಿಪ್ಪು.

"ನನ್ ಮಗ್ಳ ಉಳಿಸುದ್ರಲ್ಲ, ಆ ಸಿಸ್ಟ್ರವ್ವ ಎಲ್ಲವ್ರ? ನಮ್ ತ್ವಾಟದ್ ಅಣ್ಣು, ಕೊಟ್ಬುಟ್ಟು ಓಗನ ಅಂತ ಬಂದಿ."

"ಅವರು ಕೆಲಸ ಬಿಟ್ಟು ಹೋದರಮ್ಮ. ನನ್ನ ಕೈಲಿ ಕೊಡಿ, ತಲುಪಿಸ್ತೀನಿ."

ಕೈ ಚಾಚಿದೆ. ಎಡಗೈ ಮೇಲೆ ಟವೆಲ್ ಇತ್ತು. ಆಕೆ ಒಂದು ಸಲ ಟವೆಲ್ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮಗುವನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡಳು. ತನ್ನ ತುಟಿಯ ಮೇಲೆ ಬೆರಳಿಟ್ಟು, ನಾನು ಅಂದು ತೋರಿಸಿದ್ದ ಹಾಗೆಯೇ ನನಗೆ ತೋರಿಸಿದಳು. ಹಣ್ಣಿನ ಚೀಲವನ್ನು ಹೆಗಲಿಗೆ ಏರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಳು.